ಮಗಳಿಗೊಂದು ಪತ್ರ: ಆ ಕ್ರೂಸರ್ ತಗೊಳ್ಳಲಾ ಅಂದೆಯಲ್ಲ

ಪುಟ್ಟಿ,

ನೀನು ಕಳಿಸಿದ ಆ ಸೆಕೆಂಡ್ ಹ್ಯಾಂಡ್ ಬೈಕಿನ ಫೋಟೊಗಳನ್ನೆಲ್ಲ ನೋಡಿದೆ. ಹೆಚ್ಚಿನವು ಟ್ಯಾಂಕಿನ ಮೇಲೆ ಬಿಸಿಲು ಬಿದ್ದಿರುವಂಥವು. ಚೈನಿನದು ಒಂದೂ ಇಲ್ಲ. ಮಾರುವವರು ಹಾಗೇ ತೆಗೆಯುವುದು, ಅದರಲ್ಲಿ ಅವರ ತಪ್ಪೇನಿಲ್ಲ. ಆದರೆ ನೀನೂ ಬರೀ ಟ್ಯಾಂಕನ್ನೇ ನೋಡುತ್ತಿದ್ದೀಯ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಫೋನಲ್ಲಾದರೆ "ಆಯ್ತಮ್ಮ, ಆಯ್ತು" ಅಂತ ಮುಗಿಸಿಬಿಡುತ್ತೀಯ.

ಸಣ್ಣ ಕ್ರೂಸರ್, ಅಂದರೆ ತಗ್ಗಿನ ಸೀಟಿನಲ್ಲಿ ಕಾಲು ಮುಂದೆ ಚಾಚಿ ಕೂರುವಂಥ ಬೈಕು, ತಗೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಈ ಗಾಡಿಯನ್ನೇ ತಗೊಳ್ಳಬೇಕಾ ಅನ್ನುವುದು ಬೇರೆ ಪ್ರಶ್ನೆ. ನೀನು ಎರಡನ್ನೂ ಸೇರಿಸಿ ಒಂದು ಮಾಡಿಕೊಂಡು "ತಗೊಳ್ಳಲಾ ಬೇಡ್ವಾ" ಅಂತ ಕೇಳುತ್ತಿದ್ದೀಯ.

ಮೊದಲನೆಯದಕ್ಕೆ ಬರೋಣ. ನೀನು ನೋಡಿರುವ ಯಮಾಹಾ ವಿರಾಗೊ 250 ನನಗೆ ಮೊದಲಿಂದಲೂ ಇಷ್ಟದ ಗಾಡಿ. 1988ರಲ್ಲಿ ಬಂದದ್ದು. 249 ಸಿಸಿ, ವಿ ಆಕಾರದಲ್ಲಿ ಎರಡು ಸಿಲಿಂಡರು, ಗಾಳಿಯಿಂದಲೇ ತಣಿಯುವ ಎಂಜಿನ್, ಐದು ಗೇರು. ರೇಡಿಯೇಟರ್ ಇಲ್ಲ, ಪಂಪು ಪೈಪುಗಳ ರಗಳೆಯಿಲ್ಲ. ಇದೇ ಎಂಜಿನ್ ಆಮೇಲೆ ವಿ ಸ್ಟಾರ್ 250 ಅನ್ನುವ ಹೆಸರಲ್ಲೂ ಬಂತು. ಇದರ ಹಳೇ ಜೊತೆಗಾರ ಹೋಂಡಾ ರೆಬೆಲ್ 250. ಅದು 1985ರದು, 234 ಸಿಸಿ. ಎಷ್ಟೋ ಜನ ಗೇರ್ ಗಾಡಿ ಕಲಿತಿದ್ದೇ ಅದರ ಮೇಲೆ. ಇವೆಲ್ಲ ವೇಗಕ್ಕೆ ಮಾಡಿದ ಗಾಡಿಗಳಲ್ಲ. ಬೇಡದ ಒರಟಾಟಕ್ಕೂ ಇಳಿಯುವುದಿಲ್ಲ.

ನಿನಗೆ ಇದರಿಂದ ನಿಜವಾದ ಲಾಭ ಸೀಟಿನ ಎತ್ತರ. ವಿರಾಗೊ ಸೀಟು ನೆಲದಿಂದ ಸುಮಾರು 685 ಮಿಲಿಮೀಟರ್. ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ. ಹೊಸಬರು ಬೀಳುವುದು ಹೆಚ್ಚಾಗಿ ಓಡುವಾಗ ಅಲ್ಲ, ನಿಲ್ಲಿಸುವಾಗ, ತಿರುಗಿಸಿಕೊಳ್ಳುವಾಗ, ಇಳಿಜಾರಲ್ಲಿ ಹಿಂದಕ್ಕೆ ತಳ್ಳುವಾಗ. ಆಗ ತುದಿಗಾಲಲ್ಲಿ ನಿಂತಿರುವವಳಿಗೂ ಪಾದ ಊರಿ ನಿಂತಿರುವವಳಿಗೂ ತುಂಬಾ ವ್ಯತ್ಯಾಸ. ಗಾಡಿಯೂ ಹಗುರ. ಜಾರಿ ಬಿದ್ದರೂ ಒಬ್ಬಳೇ ಎತ್ತಬಹುದು. ಬೆನ್ನು ಬಗ್ಗಿಸಿ ಎತ್ತಬೇಡ, ಗಾಡಿಗೆ ಬೆನ್ನು ಕೊಟ್ಟು ಕಾಲಿನ ಬಲದಲ್ಲಿ ಎತ್ತು.

ಕ್ರೂಸರ್ ಅಂದರೆ ಆರಾಮ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಕಾಲು ಮುಂದಕ್ಕೆ ಚಾಚಿ ಕೂತಾಗ ಮೈಭಾರವೆಲ್ಲ ಸೊಂಟದ ಕೆಳಗೆ ಒಂದೇ ಜಾಗದಲ್ಲಿ ಕೂರುತ್ತದೆ. ಮಾಮೂಲಿ ಬೈಕಿನಲ್ಲಿ ಗುಂಡಿ ಕಂಡರೆ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ಮೊಣಕಾಲಿಂದ ತಡೆದುಕೊಳ್ಳುತ್ತೀಯ. ಇದರಲ್ಲಿ ಹಾಗೆ ಏಳುವುದು ಕಷ್ಟ. ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗುವುದಕ್ಕೂ ಹೆಚ್ಚು ಜಾಗವಿಲ್ಲ, ಯಾಕೆಂದರೆ ಸೀಟನ್ನು ತಗ್ಗಿಸಿಬಿಟ್ಟಿದ್ದಾರೆ. ಹಾಗಾಗಿ ಗುಂಡಿಯ ಏಟು ನೇರ ಬೆನ್ನುಮೂಳೆಗೆ. ಮೊದಲ ಅರ್ಧ ಗಂಟೆ ಸೋಫಾದಲ್ಲಿ ಕೂತಂತೆ ಇರುತ್ತದೆ. ಎರಡನೇ ಗಂಟೆಯಲ್ಲಿ ಹೇಗಿರುತ್ತದೆ ಅನ್ನುವುದು ನೀನು ಹೋಗುವ ರಸ್ತೆಯ ಮೇಲೆ ನಿಂತಿದೆ. ನಿನ್ನ ದಿನದ ದಾರಿಯಲ್ಲಿ ಗುಂಡಿ ಎಷ್ಟು, ನೀನೇ ಹೇಳು.

ಇನ್ನು ತಿರುವು. ಚಕ್ರಗಳ ನಡುವೆ ಅಂತರ ಜಾಸ್ತಿ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಹೊರಕ್ಕೆ ಚಾಚಿಕೊಂಡಿದೆ. ನೇರ ರಸ್ತೆಯಲ್ಲಿ ಹಿಡಿದಿಟ್ಟ ಹಾಗೆ ಹೋಗುತ್ತದೆ. ತಿರುವಿನಲ್ಲಿ ಜಾಸ್ತಿ ವಾಲಿಸಿದರೆ ಫುಟ್‌ರೆಸ್ಟ್ ನೆಲಕ್ಕೆ ತಾಗಿ ಕರ್ ಅನ್ನುತ್ತದೆ. ಹಾಗಂದಾಗ ಗಾಬರಿಯಾಗಿ ಗಾಡಿಯನ್ನು ಥಟ್ಟನೆ ನೆಟ್ಟಗೆ ಮಾಡಬೇಡ. ಹಾಗೆ ಮಾಡಿದರೆ ನೇರ ಎದುರಿನ ಲೇನಿಗೆ ಹೋಗುತ್ತೀಯ. ತಿರುವಿಗೆ ಮುಂಚೆಯೇ ವೇಗ ಇಳಿಸು, ಅಷ್ಟೇ.

ನಿನ್ನ ಫ್ರೆಂಡ್ "250 ಸಾಕಾಗಲ್ಲ, ಆರು ತಿಂಗಳಲ್ಲಿ ಬೇಜಾರಾಗುತ್ತೆ" ಅಂದಳಲ್ಲ. ಅವಳ ಮಾತಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಬೇಜಾರಾದರೆ ಮಾರುತ್ತೀಯ. ಸೆಕೆಂಡ್ ಹ್ಯಾಂಡ್ ಗಾಡಿಯ ದೊಡ್ಡ ನಷ್ಟವನ್ನೆಲ್ಲ ಮೊದಲ ಯಜಮಾನರೇ ತಿಂದಿರುತ್ತಾರೆ. ಅವಳು ಹೇಳದೇ ಬಿಟ್ಟ ವಿಷಯ ಹೆದ್ದಾರಿ. ಈ ಎಂಜಿನ್‌ಗೆ ಇರುವುದು 20 ಅಶ್ವಶಕ್ತಿಯ ಆಸುಪಾಸು. ಕ್ರೂಸರ್‌ನಲ್ಲಿ ನೀನು ನೆಟ್ಟಗೆ ಕೂತಿರುತ್ತೀಯ, ಗಾಳಿ ಪೂರ್ತಿ ಎದೆಗೇ ಹೊಡೆಯುತ್ತದೆ. ವೇಗ 60ರಿಂದ 90ಕ್ಕೆ ಏರಿದರೆ ಗಾಳಿಯ ಒತ್ತು ಒಂದೂವರೆ ಪಟ್ಟಲ್ಲ, ಎರಡು ಕಾಲು ಪಟ್ಟಾಗುತ್ತದೆ. 90ರ ಮೇಲೂ ಹೋಗುತ್ತದೆ, ಹೋಗದೇ ಏನಿಲ್ಲ. ಆದರೆ ಅಲ್ಲಿಂದ ಮುಂದೆ ಕೈಯಲ್ಲಿ ಮಿಗುವುದು ಕಡಿಮೆ. ಏರುದಾರಿ, ಎದುರುಗಾಳಿ, ಹಿಂದೆ ಒಬ್ಬರು, ಮುಂದೆ ಲಾರಿ. ಇಷ್ಟೂ ಒಟ್ಟಿಗೆ ಬಂದ ದಿನ ಓವರ್‌ಟೇಕ್ ಮಾಡುವ ಯೋಚನೆ ಬಿಡು, ಲಾರಿ ಹಿಂದೆಯೇ ಇರು. ವಾರವೆಲ್ಲ ಊರೊಳಗೆ, ಯಾವಾಗಲೋ ಒಮ್ಮೆ ಹೊರಗೆ ಅನ್ನುವುದಾದರೆ ಈ ಗಾಡಿ ಸಾಕು. ಪ್ರತಿ ವಾರ ಇಬ್ಬರು ಸಾಮಾನು ಕಟ್ಟಿಕೊಂಡು ದೂರ ಹೋಗುವ ಆಸೆಯಿದ್ದರೆ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ತರಹದ್ದನ್ನು ನೋಡು. 2020ರಲ್ಲಿ ಬಂದದ್ದು, ಈಗ ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತವೆ. ಆದರೆ ಅದರ ತೂಕ 191 ಕಿಲೋ, ಸೀಟು 765 ಮಿಲಿಮೀಟರ್. ಅಂಗಡಿಯಲ್ಲಿ ಒಮ್ಮೆ ಕೂತು ನೋಡಿ ಆಮೇಲೆ ಮಾತಾಡು.

ಬ್ರೇಕ್ ವಿಷಯ ನನಗೆ ಸ್ವಲ್ಪ ಚಿಂತೆಯದ್ದೇ. ಈ ಹಳೇ ಗಾಡಿಯಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, ಹಿಂದೆ ಡ್ರಮ್ ಬ್ರೇಕು. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಮುಂದಿನ ಬ್ರೇಕ್ ಗಬಕ್ಕನೆ ಹಿಡಿದರೆ ಚಕ್ರ ಲಾಕ್ ಆಗುತ್ತದೆ. ಹಾಗಂತ ಮುಂದಿನ ಬ್ರೇಕನ್ನೇ ಮುಟ್ಟದವರಿದ್ದಾರೆ, ಅದು ಇನ್ನೂ ಕೆಟ್ಟದ್ದು. ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಅಲ್ಲೇ ಇರುವುದು. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎಂಬವರು ನೂರಾರು ಬೈಕ್ ಅಪಘಾತಗಳನ್ನು ಜಾಗಕ್ಕೇ ಹೋಗಿ ನೋಡಿ 1981ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ನನ್ನ ತಲೆಯಲ್ಲಿ ಉಳಿದುಕೊಂಡ ಸಂಗತಿ ಇದು: ಅಪಘಾತವಾದ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಗಾಡಿಯ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಬೈಕ್ ಓಡಿಸಿದ ಒಟ್ಟು ಅನುಭವ ಮಾತ್ರ ಸುಮಾರು ಮೂರು ವರ್ಷದ್ದಿತ್ತು. ಅಂದರೆ ಓಡಿಸಲು ಬರುತ್ತದೆ ಅನ್ನುವುದು ಬೇರೆ, ಈ ಗಾಡಿ ಗೊತ್ತು ಅನ್ನುವುದು ಬೇರೆ. ನೀನು ಸ್ಕೂಟರ್ ಓಡಿಸುತ್ತೀಯ, ಚೆನ್ನಾಗೇ ಓಡಿಸುತ್ತೀಯ. ಆದರೂ ಯಾವ ಗಾಡಿ ತಗೊಂಡರೂ ಮೊದಲ ಕೆಲವು ವಾರ ಖಾಲಿ ಮೈದಾನದಲ್ಲಿ ಬ್ರೇಕ್ ಹಾಕುವುದನ್ನೇ ಅಭ್ಯಾಸ ಮಾಡು. ಮೆಲ್ಲಗೆ ಹಿಡಿದು, ಭಾರ ಮುಂದಕ್ಕೆ ಬಂದಮೇಲೆ ಗಟ್ಟಿ ಒತ್ತುವುದು. ಕೈಗೆ ರೂಢಿಯಾಗುವ ತನಕ.

ಈಗ ಈ ಗಾಡಿ. ಮಾರುವವರು ಹೆಮ್ಮೆಯಿಂದ ಹೇಳಿದರು ಅಂದೆ: "ನಾಲ್ಕು ವರ್ಷದಿಂದ ಹೊರಗೇ ತೆಗೆದಿಲ್ಲ, ಕಿಲೋಮೀಟರ್ ತುಂಬಾ ಕಮ್ಮಿ." ನಿನಗೆ ಅದು ಒಳ್ಳೇ ಸುದ್ದಿ ಅನ್ನಿಸಿದೆ. ನನಗೆ ಅಲ್ಲೇ ಅನುಮಾನ ಶುರುವಾಗಿದ್ದು. ಓಡಿದ ಗಾಡಿ ಸವೆಯುತ್ತದೆ, ನಿಂತ ಗಾಡಿ ಕೊಳೆಯುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಒಣಗಿ ಅಂಟಾಗುತ್ತದೆ. ಒಳಗಿನ ಪೈಲಟ್ ಜೆಟ್ ಅನ್ನುವ ತೂತು ಕೂದಲಷ್ಟು ಸಣ್ಣದು, ಅದು ಮೊದಲು ಮುಚ್ಚಿಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ತುಕ್ಕು ಹಿಡಿಯುತ್ತದೆ. ಬ್ಯಾಟರಿ ಸತ್ತಿರುತ್ತದೆ. ರಬ್ಬರಿನ ಸೀಲುಗಳು ಬಿರುಸಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು ಅದು. ಹ್ಯಾಂಡಲ್ ಮೇಲಿನ ಡಬ್ಬಿಯ ಗಾಜಿನಲ್ಲಿ ನೋಡು. ಕಷಾಯದ ಬಣ್ಣ ಇದ್ದರೆ ಯಾರೂ ಅದರ ತಂಟೆಗೆ ಹೋಗಿಲ್ಲ ಎಂದೇ ಲೆಕ್ಕ.

ಟೈರಿನ ಹಲ್ಲು ಆಳವಾಗಿದೆ ಅಂತ ಖುಷಿಪಡಬೇಡ. ಪಕ್ಕದಲ್ಲಿ ಒಂದು ಪುಟ್ಟ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತದೆ. 2314 ಅಂತಿದ್ದರೆ 2014ನೇ ಇಸವಿಯ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾದರೆ ನೋಡಲು ಹೊಸದರಂತಿದ್ದರೂ ಬದಲಿಸಲೇಬೇಕು, ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗಿರುತ್ತದೆ. ಚಕ್ರಕ್ಕೆ ಕಡ್ಡಿಗಳಿವೆ. ಒಂದೊಂದನ್ನೂ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟು. ಯಾವುದರ ಸದ್ದು ಮಂಕಾಗಿದೆಯೋ ಅದು ಸಡಿಲ. ಚೈನು ಕೂರುವ ಹಲ್ಲಿನ ಚಕ್ರವೇ ಸ್ಪ್ರಾಕೆಟ್. ಚೈನನ್ನು ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಬದಿಯಲ್ಲಿ ಹಿಡಿದು ಎಳೆ. ಹಲ್ಲು ಬಿಟ್ಟು ಎದ್ದು ಬಂದರೆ ಚೈನು, ಸ್ಪ್ರಾಕೆಟ್ ಎರಡೂ ಸೆಟ್ಟಾಗಿ ಹಾಕಿಸಬೇಕು. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳು, ಹ್ಯಾಂಡಲಿನ ಬುಡದಲ್ಲಿ ಟಕ್ ಅಂದರೆ ಬೇರಿಂಗ್ ಹೋಗಿದೆ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಎಣ್ಣೆ ಪಸೆ ಇದೆಯಾ ಅಂತ ಬೆರಳಾಡಿಸು. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡು. ದಯವಿಟ್ಟು ಟಾರ್ಚ್. ಲೈಟರ್ ಹಚ್ಚಿ ನೋಡಲು ಹೊರಟ ಒಬ್ಬ ಮಹಾಶಯನನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಲಿವರ್ ತುದಿ, ಹ್ಯಾಂಡಲ್ ತುದಿ, ಫುಟ್‌ರೆಸ್ಟ್ ಉಜ್ಜಿರುವುದು ಸಣ್ಣ ಬೀಳು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಫ್ರೇಮಿಗೆ ತಾಗುವ ಜಾಗ ಜಜ್ಜಿಹೋಗಿದ್ದರೆ ಮಾತ್ರ ನಮಸ್ಕಾರ ಹೇಳಿ ವಾಪಸ್ ಬಾ. ಅದು ಜೋರಾಗಿ ಗುದ್ದಿದ ಗಾಡಿ.

ಕಾಗದಪತ್ರ ನಿನಗೆ ಹೇಳಿಕೊಡಬೇಕಿಲ್ಲ. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಗಾಡಿಯ ಮೇಲಿಂದಲೇ ಓದಿ ಹೊಂದಿಸು, ಸಾಲ ಬಾಕಿ ಇದೆಯಾ ಕೇಳು.

ಟೈರು, ಬ್ಯಾಟರಿ, ಚೈನ್ ಸೆಟ್, ಕಾರ್ಬುರೇಟರ್ ಕ್ಲೀನಿಂಗ್, ಬ್ರೇಕ್ ಆಯಿಲ್. ನಿಂತಿದ್ದ ಗಾಡಿಗೆ ಇಷ್ಟೂ ಖರ್ಚು ಬಂದೇ ಬರುತ್ತದೆ ಅಂತಿಟ್ಟುಕೊ. ಅದನ್ನು ಅವರು ಹೇಳಿದ ಬೆಲೆಗೆ ಕೂಡಿಸು. ಒಳ್ಳೇ ಹೆಲ್ಮೆಟ್, ಜಾಕೆಟ್, ಗ್ಲೌಸು, ಕಣಕಾಲು ಮುಚ್ಚುವ ಶೂ ಕೂಡ ಸೇರಿಸು. ಆ ಮೊತ್ತದಲ್ಲಿ ದಿನಾ ಓಡುತ್ತಿರುವ, ಸರ್ವಿಸ್ ಚೀಟಿ ಇರುವ ಇನ್ನೊಂದು ಗಾಡಿ ಸಿಗುವುದಾದರೆ ನಾನಂತೂ ಅದಕ್ಕೇ ಹೋಗುತ್ತೇನೆ, ಮೀಟರಿನಲ್ಲಿ ಮೂರು ಪಟ್ಟು ಕಿಲೋಮೀಟರ್ ಇದ್ದರೂ ಸರಿ. ಹೊಳೆಯುವ ಟ್ಯಾಂಕ್ ಬಿಟ್ಟು ಅಂಥದ್ದಕ್ಕೆ ಮನಸ್ಸು ಬರುವುದು ಕಷ್ಟ, ಗೊತ್ತು. ಅವರು ಬೆಲೆ ಅಷ್ಟು ಇಳಿಸಿದರೆ, ಫ್ರೇಮ್ ನೆಟ್ಟಗಿದ್ದರೆ, ಟ್ಯಾಂಕ್ ಒಳಗೆ ತುಕ್ಕಿಲ್ಲದಿದ್ದರೆ ತಗೋ. ನಿನ್ನಪ್ಪನಿಗೆ ನಾನು ಹೇಳುತ್ತೇನೆ, ಅವರದೊಂದು ವಾರ ಮುನಿಸು, ಆಮೇಲೆ ಅವರೇ ಗಾಡಿ ಒರೆಸುತ್ತಿರುತ್ತಾರೆ.

ಹೋಗುವ ಹಿಂದಿನ ದಿನ ಅವರಿಗೊಂದು ಫೋನ್ ಮಾಡಿ, ನಾನು ಬರುವ ತನಕ ಎಂಜಿನ್ ಶುರು ಮಾಡಬೇಡಿ ಅಂತ ಹೇಳು. ಹೋದ ತಕ್ಷಣ ಮಾತಿಗೆ ಮುಂಚೆ ಎಂಜಿನ್ ಹತ್ತಿರ ಅಂಗೈ ತಂದು ನೋಡು. ಬಿಸಿ ಇದ್ದರೆ ಮೊದಲೇ ಬೆಚ್ಚಗೆ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಅನ್ನು. ತಣ್ಣಗಿದ್ದರೆ ಚೋಕ್ ಎಳೆದು ಶುರು ಮಾಡಿಸು. ಕೆಲವು ನಿಮಿಷದಲ್ಲಿ ಚೋಕ್ ಇಲ್ಲದೇ ಒಂದೇ ಸಮನೆ ಓಡಬೇಕು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರಬಾರದು, ಬಂದರೆ ಆಯಿಲ್ ಸುಡುತ್ತಿದೆ. ಅದನ್ನು ವೀಡಿಯೊ ಮಾಡಿ ನನಗೆ ಕಳಿಸು, ಸದ್ದು ಸರಿಯಾಗಿ ಕೇಳಬೇಕು. ನಾನು ನೋಡಿ ಹೇಳುವ ತನಕ ಅಡ್ವಾನ್ಸ್ ಕೊಡಬೇಡ.

ಅಮ್ಮ