ಕೋಳಿ ಕುಣಿತಕ್ಕೆ ಕೆಂಪು ಕಾರ್ಡಾ?

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಅಂದೆ. ಫುಟ್‌ಬಾಲಿನಲ್ಲಿ ಗೋಲು ಹೊಡೆದು ಎದುರಾಳಿಗಳನ್ನು ಕೆಣಕುವವರನ್ನು ಸೀದಾ ಮೈದಾನದಿಂದ ಆಚೆ ಕಳಿಸಬೇಕು ಅಂತ. ಬಸ್ಸಿನಲ್ಲಿ ನಿಂತುಕೊಂಡು ಸರಿಯಾಗಿ ಜಗಳ ಆಡೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ. ಓದಿ ಬೈಯಿ, ಪರವಾಗಿಲ್ಲ.

ನೀನು ಹೇಳಿದ ಹಾಗೇ 2004ರಲ್ಲಿ ಒಬ್ಬ ರೆಫರಿ ಮಾಡಿದ್ದರು. ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್ ಎಂಥಾ ವೈರಿಗಳು ಅಂತ ನಿನಗೆ ಗೊತ್ತೇ ಇದೆ. 1966ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಕೋಪಾ ಲಿಬರ್ಟಡೋರೆಸ್ ಕಪ್ ಫೈನಲ್‌ನಲ್ಲಿ ರಿವರ್ ಉರುಗ್ವೆಯ ಪೆನ್ಯಾರೋಲ್ ಎದುರು 2-0 ಮುಂದಿದ್ದೂ 4-2ರಿಂದ ಸೋತಿತು. ಅವತ್ತಿನಿಂದ ಅವರಿಗೆ, ಹೇಡಿಗಳು ಅನ್ನೋ ಅರ್ಥದಲ್ಲಿ, 'ಕೋಳಿಗಳು' ಅನ್ನೋ ಅಡ್ಡಹೆಸರು. ಅದೇ ಕಪ್ಪಿನ 2004ರ ಸೆಮಿಫೈನಲ್, ರಿವರ್‌ನವರ ಅಂಗಳ, ಪಂದ್ಯ ಇನ್ನೇನು ಮುಗಿಯಬೇಕು. ಬೋಕಾದ ಕಾರ್ಲೋಸ್ ಟೆವೆಜ್ ಗೋಲು ಹೊಡೆದ. ಮೊಣಕೈ ಮಡಚಿ, ಕೋಳಿ ರೆಕ್ಕೆ ಬಡಿಯೋ ಹಾಗೆ ಪಟಪಟ ಆಡಿಸಿದ. ನೇರ ಕೆಂಪು ಕಾರ್ಡ್, ಮೈದಾನದಿಂದ ಆಚೆ! ಆಮೇಲೆ ರಿವರ್ ಕೊನೇ ಗಳಿಗೆಯಲ್ಲಿ ಇನ್ನೊಂದು ಗೋಲು ಹೊಡೆಯಿತು, ಪಂದ್ಯ ಪೆನಾಲ್ಟಿಗೆ ಹೋಯಿತು. ಬೋಕಾ ಹೇಗೋ ಬಚಾವಾಯಿತು.

ಈಗ 2025ರ ಜನವರಿಗೆ ಬಾ. ಇಂಗ್ಲೆಂಡಿನ ಬ್ರೈಟನ್ ತಂಡದ ಅಡ್ಡಹೆಸರು ಸೀಗಲ್ಸ್, ಕಡಲಹಕ್ಕಿಗಳು. ಅವರ ಊರಿಗೇ ಹೋಗಿ ಎವರ್ಟನ್‌ನ ಇಲಿಮನ್ ಎನ್‌ಡಿಯಾಯೆ ಪೆನಾಲ್ಟಿ ಗೋಲು ಹೊಡೆದು ಕಡಲಹಕ್ಕಿ ಥರ ಕೈ ಬೀಸಿದ. ಹಳದಿ ಕಾರ್ಡ್, ಅಂದ್ರೆ ಬರೀ ಎಚ್ಚರಿಕೆ; ಒಂದೇ ಪಂದ್ಯದಲ್ಲಿ ಎರಡಾದರೆ ಮಾತ್ರ ಕೆಂಪು. ಕೋಳಿಗೆ ಕೆಂಪು, ಕಡಲಹಕ್ಕಿಗೆ ಹಳದಿ. ಇದಕ್ಕೇನು ಲೆಕ್ಕ ಹೇಳು?

ನಿಯಮ ಏನೋ ಇದೆ. ಕೆಣಕುವ, ಅಣಕಿಸುವ, ಕೆರಳಿಸುವ ಸನ್ನೆಗೆ ಹಳದಿ. ಅಂಗಿ ಬಿಚ್ಚಿದರೂ ಹಳದಿ. ಮುಖವಾಡ ಹಾಕಿಕೊಂಡರೂ ಹಳದಿ. ಗೋಲು ರದ್ದಾದರೂ ಆ ಕಾರ್ಡ್ ಮಾತ್ರ ರದ್ದಾಗಲ್ಲ! ಹೊಲಸು ಸನ್ನೆ, ಹೀನಾಯ ಬೈಗುಳಕ್ಕೆ ಕೆಂಪು ಈಗಲೂ ಇದೆ. ನೀನು ಕೇಳುತ್ತಿರುವುದು ಅದಕ್ಕಿಂತ ಜಾಸ್ತಿ. ಇರೋ ನಿಯಮದಲ್ಲೇ ಎಂಥೆಂಥ ತಮಾಷೆ ಆಗಿದೆ ನೋಡು. 2011ರಲ್ಲಿ ಬ್ರೆಜಿಲಿನ ನೇಮಾರ್ ತನ್ನದೇ ಮುಖದ ಮುಖವಾಡ ಹಾಕಿಕೊಂಡು ಎರಡನೇ ಹಳದಿ ತಗೊಂಡು ಆಚೆ ಹೋದ. 2022ರ ವಿಶ್ವಕಪ್‌ನಲ್ಲಿ ಕ್ಯಾಮರೂನಿನ ಅಬೂಬಕರ್ ಬ್ರೆಜಿಲ್ ಮೇಲೆ ಕೊನೇ ನಿಮಿಷಗಳಲ್ಲಿ ಗೋಲು ಹೊಡೆದು ಅಂಗಿ ಬಿಚ್ಚಿದ. ಅವನಿಗೂ ಅದು ಎರಡನೇ ಹಳದಿ. ರೆಫರಿ ನಗುತ್ತಾ ಅವನ ಕೈ ಕುಲುಕಿ, ಆಮೇಲೆ ಕೆಂಪು ತೋರಿಸಿದರು. ಪಾಪ, ಅವರಿಗೂ ಮನಸ್ಸಿರಲಿಲ್ಲ ಅಂತ ಕಾಣುತ್ತೆ.

ನನ್ನ ತಕರಾರು ಇಷ್ಟೇ. ಸನ್ನೆಯ ಅರ್ಥ ಏನು ಅಂತ ರೆಫರಿ ಅರೆಕ್ಷಣದಲ್ಲಿ ಹೇಗೆ ತೀರ್ಮಾನ ಮಾಡಬೇಕು? 2018ರ ವಿಶ್ವಕಪ್ಪಿನಲ್ಲಿ ಸರ್ಬಿಯಾ ವಿರುದ್ಧ ಗೋಲು ಹೊಡೆದ ಸ್ವಿಸ್ ಆಟಗಾರರಾದ ಜಾಕಾ, ಶಾಕಿರಿ ಇಬ್ಬರೂ ಎರಡೂ ಕೈ ಸೇರಿಸಿ ಅಲ್ಬೇನಿಯಾ ಬಾವುಟದ ಎರಡು ತಲೆಯ ಹದ್ದು ಮಾಡಿ ತೋರಿಸಿದರು. ಇಬ್ಬರ ಮನೆತನವೂ ಕೊಸೊವೊದ್ದು, ಅಂದ್ರೆ ಅಲ್ಬೇನಿಯನ್ನರೇ ಹೆಚ್ಚಿರುವ, ಸರ್ಬಿಯಾದಿಂದ ಬೇರೆಯಾದ ನಾಡು. ಜಾಕಾನ ಅಪ್ಪ ಯುಗೊಸ್ಲಾವಿಯಾದ ಕಾಲದಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆ ಮಾಡಿ ಜೈಲಿನಲ್ಲಿದ್ದವರು. ಸರ್ಬಿಯಾದವರಿಗೆ ಅದು ಗಾಯಕ್ಕೆ ಉಪ್ಪು, ಇವರಿಗೆ ಅದು ಅಪ್ಪನ ನೆನಪು. ಆ ಜಗಳಾನ ಸೀಟಿ ಊದುವವನ ತಲೆಗೆ ಕಟ್ಟಬೇಕಾ? ಫಿಫಾ ನಿಧಾನವಾಗಿ ಕೂತು ವಿಚಾರಿಸಿ ತಲಾ 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಅದು ಸರಿಯಾದ ದಾರಿ. 2024ರ ಯೂರೋ ಕಪ್ಪಿನಲ್ಲಿ ಟರ್ಕಿಯ ಡೆಮಿರಾಲ್ ಉಗ್ರ ಬಲಪಂಥೀಯರ 'ತೋಳ' ಸನ್ನೆ ಮಾಡಿದಾಗಲೂ ಅಷ್ಟೇ, ವಿಚಾರಣೆ ಆದಮೇಲೆ ಎರಡು ಪಂದ್ಯ ನಿಷೇಧ. ಕ್ವಾರ್ಟರ್ ಫೈನಲ್ಲೇ ತಪ್ಪಿಹೋಯಿತು. ಇದಕ್ಕಿಂತ ಬಿಸಿ ಇನ್ನೇನು ಬೇಕು?

ನೀನು ಈಗ ಅಡೆಬಯೋರ್ ಹೆಸರು ತೆಗೀತೀಯ, ಗೊತ್ತು. ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. 2009ರ ಸೆಪ್ಟೆಂಬರ್, ಅವನು ಆರ್ಸೆನಲ್ ಕ್ಲಬ್ ಬಿಟ್ಟು ಮ್ಯಾಂಚೆಸ್ಟರ್ ಸಿಟಿಗೆ ಬಂದು ಇನ್ನೂ ಎರಡು ತಿಂಗಳಾಗಿತ್ತು. ಆರ್ಸೆನಲ್ ಕಡೆಯವರು ಅವನ ಅಪ್ಪ ಅಮ್ಮನನ್ನೆಲ್ಲ ಎಳೆದು ತಂದು ಹಾಡು ಕಟ್ಟಿ ಬೈದಿದ್ದರು. ಅವನು ತಲೆಯಿಂದ ಗುದ್ದಿ ಗೋಲು ಹೊಡೆದವನೇ ತಿರುಗಿ ಓಡಿದ. ಇಡೀ ಮೈದಾನದ ಈ ತುದಿಯಿಂದ ಆ ತುದಿಗೆ! ತಂಡದವರ ಕೈಗೂ ಸಿಗಲಿಲ್ಲ. ಆರ್ಸೆನಲ್ ಅಭಿಮಾನಿಗಳ ಮುಂದೆ ಮಂಡಿಯೂರಿ ಜಾರಿ, ಕೈ ಚಾಚಿ ಕೂತ. ಮೇಲಿಂದ ಕೈಗೆ ಸಿಕ್ಕಿದ್ದೆಲ್ಲ ತೂರಿ ಬಂತು. ಕಾವಲಿಗೆ ನಿಂತಿದ್ದ ಒಬ್ಬ ಸ್ಟೀವರ್ಡ್ ಪೆಟ್ಟು ತಿಂದು ಪ್ರಜ್ಞೆ ತಪ್ಪಿ ಬಿದ್ದ. ಅಡೆಬಯೋರ್‌ಗೆ ಸಿಕ್ಕಿದ್ದು ಹಳದಿ. ಆಮೇಲೆ 25,000 ಪೌಂಡ್ ದಂಡ, ಜೊತೆಗೆ ಎರಡು ಪಂದ್ಯದ ನಿಷೇಧ, ಅದೂ ಮತ್ತೆ ತಪ್ಪು ಮಾಡಿದರೆ ಮಾತ್ರ ಜಾರಿ ಆಗುವಂಥದ್ದು. ಬೈದವರಿಗೆ ಏನಾಯಿತು ಅಂತ ಕೇಳಬೇಡ, ಆ ಕತೆ ಯಾವಾಗಲೂ ಹಾಗೇ.

ಆದರೂ ಸ್ಟೀವರ್ಡ್ ಏನು ತಪ್ಪು ಮಾಡಿದ್ದ? ಅದಕ್ಕೇ ಒಂದು ಹೆಜ್ಜೆ ನಿನ್ನ ಕಡೆ ಬರುತ್ತೇನೆ. ಆಟಗಾರನ ಕೈ ಏನು ಹೇಳುತ್ತಿದೆ ಅಂತ ನೋಡೋದು ಬೇಡ, ಕಾಲು ಎಲ್ಲಿಗೆ ಹೋಯಿತು ಅಂತ ನೋಡೋಣ. ಎದುರು ತಂಡದ ಜನ ಕೂತಿರೋ ಕಡೆಗೇ ಹುಡುಕಿಕೊಂಡು ಓಡಿದನಾ? ಬೇಕಾದರೆ ಕೆಂಪು ಕೊಡು, ನಾನು ಸುಮ್ನಿರುತ್ತೇನೆ. ದೂರ, ದಿಕ್ಕು ರೆಫರಿ ಕಣ್ಣಿಗೆ ಕಾಣುತ್ತೆ, ಅದಕ್ಕೆ ಇತಿಹಾಸ ಓದಿರಬೇಕಾಗಿಲ್ಲ. ನಿಂತಲ್ಲೇ ಕೋಳಿ ಆಗಲಿ, ಹದ್ದಾಗಲಿ, ಹಳದಿ ಸಾಕು.

ಇನ್ನೊಂದು ವಿಷಯ. 2025ರ ಏಪ್ರಿಲ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ ಕೆ.ಎಲ್. ರಾಹುಲ್ ಡೆಲ್ಲಿ ಪರವಾಗಿ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಜಾಗ ಅಂತ ತೋರಿಸಿದನಲ್ಲ, ಅವತ್ತು ಏನಂದಿದ್ದೆ ನೀನು? ಆರ್‌ಸಿಬಿ ಸೋತ ಸಿಟ್ಟಿನಲ್ಲೂ "ಹುಡುಗ ಸಕ್ಕತ್ತಾಗಿ ಕೊಟ್ಟ ಕಣೋ" ಅಂತ ಮೆಸೇಜ್ ಹಾಕಿದ್ದೆ. ನನ್ನ ಹತ್ತಿರ ಇನ್ನೂ ಇದೆ. ಇದಕ್ಕೆ ಮೊದಲು ಉತ್ತರ ಬರಿ, ಆಮೇಲೆ ಟೆವೆಜ್ ವಿಷಯಕ್ಕೆ ಬರೋಣ.

ಇಂತಿ ನಿನ್ನ,
ಹಳೇ ಜಗಳಗಂಟ