ಮೈಲಾರ–ಝರಣಿ ಪುಟಗಳ ಬಗ್ಗೆ

ಎಲ್ಲಾರಿಗೂ ಶರಣು. ನಮ್ಮ ಸೂಪರ್‌ಹೀರೋ ಕಾಮಿಕ್ಸಿನ್ಯಾಗ ಮೈಲಾರಲಿಂಗ, ಝರಣಿ ನರಸಿಂಹ ಇಬ್ಬರೂ ಒಂದೇ ಲೋಕದಾಗ ಬರ್ತಾರ, ಖರೆ. ಆದ್ರ ಕರಡಿನ್ಯಾಗ ಇಬ್ಬರ ಮಾತೂ ಒಂದೇ ಥರ ಆಗ್ಯಾವ, ತಿದ್ದಬೇಕ್ರಿ. ಅಮೆರಿಕಾದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನವರು 1962ರಾಗ ನಾರ್ಸ್ ಪುರಾಣದ ಥಾರ್‌ನ ತಂದ್ರು, 1965ರಾಗ ಗ್ರೀಕರ ಹರ್ಕ್ಯುಲಿಸ್‌ನ ಅವನ ಎದುರು ನಿಲ್ಲಿಸಿದ್ರು. ಆದ್ರೂ ಥಾರ್‌ನ ದೇವಲೋಕ ಅಸ್ಗಾರ್ಡ್ ಬ್ಯಾರೆ, ಹರ್ಕ್ಯುಲಿಸ್‌ನ ದೇವಲೋಕ ಒಲಿಂಪಸ್ ಬ್ಯಾರೆನೇ ಉಳದಾವ. ನಮ್ಮ ಇಬ್ಬರೂ ಹಂಗ ಬ್ಯಾರೆ ಬ್ಯಾರೆ ಕಾಣಬೇಕು.

ಮೈಲಾರ ಬಂದ್ರ ಕುದುರಿ, ನಾಯಿ, ಭಂಡಾರ (ಅರಿಶಿಣ ಪುಡಿ), ಅವನ ಭಕ್ತರಾದ ಗೊರವರ ಡಮರುಗ ಬೇಕೇ ಬೇಕು. ಬೀದರದ ಝರಣಿ ನರಸಿಂಹನ ಗವಿಯೊಳಗ ಎದಿಮಟ ನೀರಿನ್ಯಾಗ ನಡದು ದರ್ಶನ ಮಾಡ್ತೀವಲ್ಲ, ಆ ನೀರೇ ಝರಾಸುರ ಅಂತಾರ ಹಿರೇರು. ಸೋತ ರಾಕ್ಷಸ ದೇವರ ಕಾಲಬುಡಕ ಹರಕೋತ ಇರೋದು! ಆ ನೀರು ಮಾತಾಡೋ ಪುಟ ನಂಗ ಭಾಳ ಬೇಕಾಗ್ಯಾದ.

ಮನ್ಯಾಗ ಆಯಿ, ಮುತ್ಯಾ ಹೇಳಿದ ಕಥಿ ಇದ್ರ ಐತವಾರದೊಳಗ ಧ್ವನಿ ರೆಕಾರ್ಡ್ ಮಾಡಿ ಇಲ್ಲೇ ಹಾಕ್ರಿ.