ಹಳೇ ಕಾರು ಅರಚಬೇಕಿಲ್ಲ

ಮಾನ್ಯ ಸಂಪಾದಕರೇ,

ಕರ್ಕಶ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸುವ ಫೋಟೊಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ನೋಡಿದರೆ ಎಲ್ಲವೂ ಬೈಕಿನವು. ಹಳೇ ಸ್ಪೋರ್ಟ್ಸ್ ಕಾರಿನವರಿಗೂ ಇದೇ ಚಾಳಿ ಅಂಟಿದೆ ಎಂದು ತಿಳಿಸಲು ಈ ಪತ್ರ.

ಹಳೇ ಬ್ರಿಟಿಷ್ ಕಾರುಗಳ ರಿಪೇರಿಯಲ್ಲೇ ಕೂದಲು ನೆರೆದವನು ನಾನು. ಸದ್ಯ ನನ್ನ ಶೆಡ್ಡಿನಲ್ಲಿರುವುದು 1967ರ ಎಂಜಿಬಿ ಸ್ಪೋರ್ಟ್ಸ್ ಕಾರು, 1798 ಸಿಸಿ. ಮಾಲೀಕರ ಮಗನದು ಒಂದೇ ಹಟ: 'ಅಂಕಲ್, ಫ್ರೀ ಫ್ಲೋ ಹಾಕಿಬಿಡಿ.' ಅಂದರೆ ಹೊಗೆಗೆ ತಡೆ ಕಡಿಮೆ, ಸದ್ದು ಜಾಸ್ತಿ ಇರುವ ಎಕ್ಸಾಸ್ಟ್.

ಈ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ಗಳೂ ಎಕ್ಸಾಸ್ಟೂ ಒಂದೇ ಮಗ್ಗುಲಲ್ಲಿವೆ. ಮೇಲೆ ಜೋಡಿ ಎಸ್‌ಯು ಕಾರ್ಬುರೇಟರ್, ಕೆಳಗೆ ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡ್. ಎರಕದ ದಪ್ಪ ಮ್ಯಾನಿಫೋಲ್ಡ್ ತೆಗೆದು ತೆಳು ಪೈಪಿನದು ಹಾಕಿದರೆ ಬಿಸಿಯೆಲ್ಲ ಕಾರ್ಬುರೇಟರಿಗೇ ಹೊಡೆಯುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಂತರೆ ಪೆಟ್ರೋಲ್ ಕುದಿದು ಗಾಡಿ ಆಫ್! ರೇಸ್ ಓಡಿಸುವವರ ಮಾತು ಬೇರೆ. ನಮ್ಮ ರಸ್ತೆಯಲ್ಲಿ ಇದರಿಂದ ಸಿಗುವ ಹೆಚ್ಚುವರಿ ಶಕ್ತಿ ಅಷ್ಟಕ್ಕಷ್ಟೇ, ಸದ್ದು ಮಾತ್ರ ಧಾರಾಳ. ಎರಕದ್ದು ಬಿರುಕು ಬಿಟ್ಟಿಲ್ಲವೆಂದರೆ ಎಂಜಿನ್ನಿಗೆ ಕೂರುವ ಮುಖ ಮಟ್ಟ ಮಾಡಿಸಿ, ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಕೊಟ್ಟು ಅದನ್ನೇ ಕೂರಿಸಿ. ನಟ್ ಹಿತ್ತಾಳೆಯದೇ ಇರಲಿ. ಕಬ್ಬಿಣದ್ದಾದರೆ ಬಿಸಿಗೆ ಕಚ್ಚಿಕೊಂಡು, ಬಿಚ್ಚುವಾಗ ಸ್ಟಡ್ (ನಟ್ ಕೂರುವ ತಿರುಪಿನ ಕಡ್ಡಿ) ಮುರಿದು ಎಂಜಿನ್ ಹೆಡ್ಡಿನಲ್ಲೇ ಉಳಿಯುತ್ತದೆ.

ಹಿಂದಿನ ಪೈಪಿಗೆ ಮಾತ್ರ ನಾನು ಮೂಲದ್ದೇ ಬೇಕೆಂದು ಪಟ್ಟು ಹಿಡಿಯುವುದಿಲ್ಲ. ಇಂಥ ಕಾರುಗಳು ಭಾನುವಾರ ಕಾಫಿಗೆ ಹೋಗಿ ಬರುವಂಥವು. ಪೈಪು ಪೂರಾ ಕಾಯುವ ಮೊದಲೇ ಎಂಜಿನ್ ಆಫ್. ಹೊಗೆಯಲ್ಲಿನ ನೀರು ಸೈಲೆನ್ಸರ್ ಡಬ್ಬದೊಳಗೇ ನಿಂತು, ಮಾಮೂಲಿ ಉಕ್ಕು ಒಳಗಿನಿಂದ ತುಕ್ಕು ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸುವುದು ಜಾಣತನ. ಕೊಳ್ಳುವಾಗ ಜೇಬಿನಲ್ಲಿ ಆಯಸ್ಕಾಂತ ಇಟ್ಟುಕೊಂಡು ಹೋಗಿ: 304 ದರ್ಜೆಯ ಸ್ಟೇನ್‌ಲೆಸ್ಸಿಗೆ ಅದು ಅಂಟುವುದೇ ಇಲ್ಲವೆನ್ನಬಹುದು, 409 ದರ್ಜೆಯದಕ್ಕೆ ಗಟ್ಟಿಯಾಗಿ ಅಂಟುತ್ತದೆ. 409 ಕೆಟ್ಟದ್ದೇನಲ್ಲ, ಮೇಲ್ಮೈ ಕಂದು ತಿರುಗುತ್ತದೆ ಅಷ್ಟೆ. ಆದರೆ 304ರ ದುಡ್ಡು ಕೊಟ್ಟು ಅದನ್ನು ತರಬೇಡಿ. ಸ್ಟೇನ್‌ಲೆಸ್ಸಿನ ಸದ್ದು ತುಸು ಚೂಪು, ಆದ್ದರಿಂದ ಕಂಪನಿ ಕೊಟ್ಟಂತೆ ಎರಡೂ ಸೈಲೆನ್ಸರ್ ಡಬ್ಬ ಇರಲೇಬೇಕು.

2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಗಾಡಿ ಮೂಲ ರೂಪದಲ್ಲಿರಬೇಕು. ಆ ನಂಬರ್ ಪ್ಲೇಟ್ ಬೇಕು, ಡಬ್ಬ ಬೇಡ ಎಂದರೆ ಹೇಗೆ? ವಿಂಟೇಜ್ ರ‍್ಯಾಲಿ ನಡೆಸುವವರಲ್ಲಿ ನನ್ನದೊಂದು ಕೋರಿಕೆ: ಪಾಲಿಶ್ ಹೊಳಪಿಗೆ ಅಂಕ ಕೊಡುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಿಸಿ ಕೇಳಿ. ಅರಚುವ ಕಾರಿಗೆ ಬಹುಮಾನ ಕೊಡಬೇಡಿ.

— ಹಳೇ ಮೆಕ್ಯಾನಿಕ್, ವಿಲ್ಸನ್ ಗಾರ್ಡನ್, ಬೆಂಗಳೂರು